ಹಾಳು ಅರಮನೆ ಅಂಗಳದಲ್ಲಿ 62 ಮೀಟರ್ ಚರಂಡಿ: ಪುರಾತತ್ವ ನಿಗಾದ ಕೆಲಸದ ಟಿಪ್ಪಣಿ

ತುಮಕೂರು ಜಿಲ್ಲೆ, ಶಿರಾ ಕಡೆಯ ಒಂದು ಪಾಳೇಗಾರರ ಕೋಟೆ. ಒಳಗೆ ಹಾಳುಬಿದ್ದ ಅರಮನೆ. ಜಾಗದ ಹೆಸರು ಬೇಕೆಂದೇ ಬಿಟ್ಟಿದೆ. ಹೆಸರು ಹಾಕಿದರೆ ನಿಧಿ ಅಗೆಯುವವರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಅವರು ಈಗಾಗಲೇ ಒಮ್ಮೆ ಬಂದು ಹೋಗಿದ್ದಾರೆ, ಅವರ ಗುಂಡಿಯ ವಿಷಯ ಮುಂದೆ ಬರುತ್ತದೆ.

ಆಗಬೇಕಿದ್ದದ್ದು: ಅಂಗಳದ ಮಳೆನೀರು ಹೊರಹಾಕಲು 62 ಮೀ. ಚರಂಡಿ (ಅಗಲ 60 ಸೆಂ.ಮೀ., ಇಳಿಜಾರು 1:150), ದೀಪದ ಕಂಬಗಳಿಗೆ ಆರು ಗುಂಡಿ, 110 ಮೀ. ಕೇಬಲ್ ಕಾಲುವೆ, ಶೌಚಾಲಯಕ್ಕೆ 3 × 2 × 2.2 ಮೀ. ಸೆಪ್ಟಿಕ್ ಗುಂಡಿ. ಇದು ಉತ್ಖನನವಲ್ಲ. ಗುತ್ತಿಗೆದಾರ ಅಗೆಯುವಾಗ ಪಕ್ಕದಲ್ಲಿ ನಿಂತು ನೋಡುವುದು, ಹಳೆಯ ಕಟ್ಟಡದ ಭಾಗ ಕಂಡರೆ ನಿಲ್ಲಿಸುವುದು, ಅಳೆದು ಬರೆದಿಡುವುದು, ಆದಷ್ಟೂ ಕಡಿಯದೆ ಕೆಲಸ ಮುಗಿಸುವ ದಾರಿ ಹುಡುಕುವುದು.

ಈ ಸೀಮೆಯ ಅರಮನೆಗಳಲ್ಲಿ ಕಲ್ಲಿನ ಪಾಲು ಕಡಿಮೆ. ಅಡಿಪಾಯಕ್ಕೆ ಗುಂಡುಕಲ್ಲು, ಮೇಲೆ ಮಣ್ಣಿನ ಗೋಡೆ, ಮರದ ಕಂಬ, ಮಾಳಿಗೆ (ಮಣ್ಣು ಹಾಸಿದ ಚಪ್ಪಟೆ ಸೂರು), ಹೊರಗೆ ತೆಳ್ಳನೆ ಗಾರೆ. ಶಿರಾದಲ್ಲಿ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂಥದ್ದರದ್ದೇ ಇವತ್ತು ಉಳಿದದ್ದು ಅಷ್ಟಕ್ಕಷ್ಟೆ. ಮಾಳಿಗೆ ಬಿದ್ದ ಮೇಲೆ ಮಣ್ಣಿನ ಗೋಡೆ ಕರಗಿ ದಿಬ್ಬವಾಗುತ್ತದೆ. ಆಮೇಲೆ ಜೆಸಿಬಿ ಬಾಯಿಗೆ ಗೋಡೆಯೂ ಮಣ್ಣೇ, ಪಕ್ಕದ್ದೂ ಮಣ್ಣೇ. ಕಲ್ಲು ತಾಗಿದರೆ ಸದ್ದಾಗುತ್ತದೆ, ಆಪರೇಟರ್ ತಾನೇ ನಿಲ್ಲಿಸುತ್ತಾನೆ. ಮಣ್ಣಿನ ಗೋಡೆ ಸದ್ದಿಲ್ಲದೆ ಟ್ರ್ಯಾಕ್ಟರ್ ಏರಿ ಹೋಗುತ್ತದೆ. ಈ ಕೆಲಸದ ಕಷ್ಟವೆಲ್ಲ ಇಲ್ಲಿಯೇ.

ಹಂತ 1: ಕಾಗದ

ಕೇಂದ್ರ ರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿಯ ಪ್ರಕಾರ ಗಡಿಯಿಂದ 100 ಮೀ. ನಿಷೇಧಿತ, ಅದರಾಚೆ 200 ಮೀ. ನಿಯಂತ್ರಿತ ಪ್ರದೇಶ, ವಿಷಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದವರೆಗೆ ಹೋಗುತ್ತದೆ. ಇದು ರಾಜ್ಯದ ಪಟ್ಟಿಯ ಜಾಗ, ಆದ್ದರಿಂದ 1961ರ ರಾಜ್ಯ ಕಾಯ್ದೆ, ಮೈಸೂರಿನ ಇಲಾಖೆಯ ಅನುಮತಿ. ಅಗೆಯುವ ವಿಧಾನದ ಪತ್ರ ಎರಡೇ ಪುಟ. ಅದರಲ್ಲಿ ಮುಖ್ಯವಾದದ್ದು ಎರಡು ಸಾಲು: ನಿಗಾದವರು ಕೈ ಎತ್ತಿದರೆ ಯಂತ್ರ ನಿಲ್ಲಬೇಕು; ನಿಂತ ಹೊತ್ತಿಗೂ ಬಾಡಿಗೆ ಸಿಗಬೇಕು.

ಎರಡನೆಯದು ಮೊದಲ ಅಂದಾಜುಪಟ್ಟಿಯಲ್ಲಿ ಇರಲಿಲ್ಲ. ಅಗೆತಕ್ಕೆ ರನ್ನಿಂಗ್ ಮೀಟರ್ ಲೆಕ್ಕ ಹಾಕಿದ್ದರು. ಮೀಟರ್ ಲೆಕ್ಕದಲ್ಲಿ ದುಡಿಯುವ ಆಪರೇಟರಿಗೆ ಪ್ರತಿ ನಿಲುಗಡೆಯೂ ನಷ್ಟ; ಅವನು ಕಂಡದ್ದನ್ನೂ ಕಾಣದ ಹಾಗೆ ಮಾಡಿದರೆ ತಪ್ಪು ಅವನದಲ್ಲ, ಲೆಕ್ಕದ್ದು. ಜೆಸಿಬಿಯನ್ನು ಗಂಟೆಗೆ ₹1,200ರಂತೆ ಬದಲಾಯಿಸಿ, ನಿಲುಗಡೆಗೆಂದೇ 12 ಗಂಟೆ (₹14,400) ಎತ್ತಿಡಿಸಿದ ಮೇಲೆಯೇ ಕೆಲಸ ಶುರು. ಹೊರಗಿನಿಂದ ಯಾರಾದರೂ ಈ ಟಿಪ್ಪಣಿಯಿಂದ ಒಂದೇ ಒಂದು ವಿಷಯ ಎತ್ತಿಕೊಳ್ಳುವುದಾದರೆ ಇದನ್ನೇ ಎತ್ತಿಕೊಳ್ಳಲಿ.

ಹಂತ 2: ಮಟ್ಟ

ಅರಮನೆ ಮೆಟ್ಟಿಲಿನ ಅಲುಗಾಡದ ಗ್ರಾನೈಟ್ ಕಲ್ಲೊಂದರ ಮೇಲೆ ಬಣ್ಣದ ಗುರುತು ಹಾಕಿ ಅದನ್ನೇ ಟಿಬಿಎಂ (ಉಳಿದ ಎತ್ತರಗಳನ್ನೆಲ್ಲ ಅಳೆಯಲು ಆಧಾರವಾದ ತಾತ್ಕಾಲಿಕ ಗುರುತು) ಮಾಡಿ 100.000 ಮೀ. ಎಂದು ಹಿಡಿಯಲಾಯಿತು. ಕಲ್ಲಿಗೆ ಉಳಿ ಹಾಕುವಂತಿಲ್ಲ. ಚರಂಡಿಯ ಗೆರೆಯಿಂದ 1.5 ಮೀ. ದೂರದಲ್ಲಿ ಪ್ರತಿ 5 ಮೀಟರಿಗೊಂದು ಗೂಟ. ಚೈನೇಜ್ ಎಂದರೆ ಚರಂಡಿಯ ಗೆರೆಯುದ್ದಕ್ಕೆ ಶುರುವಿನಿಂದ ಅಳೆದ ದೂರ, ಮೀಟರಿನಲ್ಲಿ; ಚೈನೇಜ್ 0 ಅಂಗಳದ ಪಶ್ಚಿಮ ಮೂಲೆ. ಗೂಟ ಗೆರೆಯ ಮೇಲೆಯೇ ಹೊಡೆದರೆ ಮೊದಲ ಬಕೆಟ್ಟಿಗೇ ಹಾರಿಹೋಗುತ್ತದೆ.

ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ಓದುವ ದುರ್ಬೀನು) ಸಾಕು, ದೂರ, ಕೋನವನ್ನೂ ಅಳೆಯುವ ಟೋಟಲ್ ಸ್ಟೇಷನ್ ಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಟಿಬಿಎಂಗೆ ಹಿಂದಿರುಗಿ ಓದಬೇಕು. ಜೆಸಿಬಿ ಓಡಾಡುವ ಜಾಗದಲ್ಲಿ ಟ್ರೈಪಾಡ್ ಕಾಲು ಕುಸಿಯುತ್ತಲೇ ಇರುತ್ತದೆ.

ಚೈನೇಜ್ 0ರಲ್ಲಿ ನೆಲ 99.30, ಚರಂಡಿ ತಳ 98.70. 62 ಮೀಟರಿಗೆ 41 ಸೆಂ.ಮೀ. ಇಳಿತ. ಈ ಲೆಕ್ಕ ಜೇಬಿನಲ್ಲಿ ಇರಬೇಕು. ಏನಾದರೂ ಕಂಡ ಕೂಡಲೇ ಅದು ಚರಂಡಿ ತಳಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಅಲ್ಲೇ ಹೇಳಬೇಕಾಗುತ್ತದೆ.

ಹಂತ 3: ಬಕೆಟ್ಟಿನ ಹಲ್ಲು

ಹಲ್ಲಿರುವ ಬಕೆಟ್ ನೆಲವನ್ನು ಉತ್ತ ಹಾಗೆ ಮಾಡುತ್ತದೆ, ಪದರ ಕಾಣುವುದೇ ಇಲ್ಲ. ಹಲ್ಲಿಲ್ಲದ ಬಕೆಟ್ ಬಾಡಿಗೆಗೆ ಕೇಳಿದರೆ ಸುತ್ತಮುತ್ತ ಸಿಗಲಿಲ್ಲ. ಹಲ್ಲುಗಳ ಮೇಲೆ ಅಡ್ಡಲಾಗಿ ಉಕ್ಕಿನ (ಎಂಎಸ್) ಪ್ಲೇಟು ಬೆಸೆಸುವುದೇ ದಾರಿ. ಮೊದಲು ಹಾಕಿದ್ದು 6 ಮಿ.ಮೀ. ಪ್ಲೇಟು, ಎರಡನೆಯ ಗುಂಡುಕಲ್ಲಿಗೆ ನಡುವೆ ಬಾಗಿ, ಒಂದು ತುದಿಯ ಬೆಸುಗೆ ಬಿಟ್ಟಿತು. ಆಮೇಲೆ 600 × 150 × 12 ಮಿ.ಮೀ. ಪ್ಲೇಟು, ಹಿಂದಿನಿಂದ ಎರಡು ಆಸರೆ ಪಟ್ಟಿ. ವೆಲ್ಡಿಂಗ್ ಸೇರಿ ₹1,800. ಕೊನೆಯವರೆಗೂ ನಿಂತಿತು.

ಒಂದು ಸಲಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಎಳೆಯಬಾರದು. ಯಂತ್ರ ಹಿಂದೆ ಹಿಂದೆ ಸರಿಯುತ್ತಾ ಅಗೆಯಬೇಕು. ಅಗೆದದ್ದರ ಮೇಲೆ ಗಾಲಿ ಹತ್ತಬಾರದು. ನೋಡುವವರು ಆಪರೇಟರಿನ ಕಣ್ಣಿಗೆ ಬೀಳುವ ಕಡೆ, ತೋಳಿನ ಸುತ್ತಳತೆಯ ಹೊರಗೆ ನಿಲ್ಲಬೇಕು. ಮೇಲ್ಮಣ್ಣು ಎಡಕ್ಕೆ, ಕೆಳಮಣ್ಣು ಬಲಕ್ಕೆ.

ಹೆಚ್ಚಿನವರು ಮರೆಯುವುದು ಜಾಕುಗಳನ್ನು. ಅಗೆಯುವಾಗ ಯಂತ್ರದ ಹಿಂಭಾಗದ ಭಾರವೆಲ್ಲ ಎರಡು ಕಬ್ಬಿಣದ ಪಾದಗಳ ಮೇಲೆ. ಒಂದು ಗೇಣು ಕೆಳಗೆ ಗಾರೆ ನೆಲ ಇದ್ದರೆ ಚರಂಡಿಯೊಳಗೆ ಎಷ್ಟು ಜಾಗ್ರತೆ ಮಾಡಿದರೂ ಪಕ್ಕದಲ್ಲಿ ಒಡೆದುಹೋಗಿರುತ್ತದೆ. ಪ್ರತಿ ಪಾದದ ಕೆಳಗೆ ಹಳೆಯ ಮರದ ದಿಮ್ಮಿ ಇಡಲಾಯಿತು.

ಹಂತ 4: ಚೈನೇಜ್ 0–21

ಬರೆಯಲು ಹೆಚ್ಚಿಲ್ಲ. ಮೇಲಿನ 40 ಸೆಂ.ಮೀ. ಈಚಿನ ಭರ್ತಿ: ಗುಟ್ಕಾ ಚೀಟಿ, ಟ್ಯೂಬ್‌ಲೈಟ್ ಗಾಜು, ಮಂಗಳೂರು ಹೆಂಚಿನ ಚೂರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಹಾಗಾಗಿ ಅಂಥ ಒಂದು ಚೂರು ಸಿಕ್ಕರೂ ಆ ಪದರ ಅದಕ್ಕಿಂತ ಈಚಿನದು. ನಾಡಹೆಂಚು ಮಾತ್ರ ಇದ್ದರೆ ಏನೂ ಹೇಳಲಾಗದು. ಅದರ ಕೆಳಗೆ ಕೆಂಪು ಮಣ್ಣು, ನಂತರ ಗೊರಚು (ಕಲ್ಲು ಸವೆದು ಆದ, ಮನುಷ್ಯರು ಮುಟ್ಟದ ತಳದ ಮಣ್ಣು).

ಗೊರಚು ಬಂತೆಂದು ಬರೆಯುವ ಮೊದಲು ನೋಡಬೇಕಾದ್ದು: ಇದ್ದಿಲ ಕಣ ಇಲ್ಲ, ಸುಣ್ಣದ ಚುಕ್ಕೆ ಇಲ್ಲ, ಮಡಕೆ ಚೂರಿಲ್ಲ, ಬಿಳಿಗಲ್ಲಿನ ಹರಳು ಮೊನೆಮೊನೆಯಾಗಿವೆ, ಬಿಸಿಲಿಗೆ ಅಭ್ರಕ ಮಿನುಗುತ್ತದೆ. ಒಂದೇ ಮಣಿ, ಒಂದೇ ಬಳೆ ಚೂರು ಸಿಕ್ಕರೆ ಅವಸರ ಬೇಡ, ಹೆಗ್ಗಣದ ಬಿಲ ಇದೆಯೇ ನೋಡಿ. ಇಲ್ಲಿ ಚೈನೇಜ್ 12ರಲ್ಲಿ ಇತ್ತು.

ಏನೂ ಸಿಗದ ಉದ್ದಕ್ಕೂ ದಾಖಲೆಯ ಚೀಟಿ ತುಂಬಲೇಬೇಕು. ಎಷ್ಟು ಆಳಕ್ಕೆ ಹೋದೆವು, ಗೊರಚು ಮುಟ್ಟಿದೆವೋ ಇಲ್ಲವೋ. "ಏನೂ ಇಲ್ಲ" ಎಂದು ಬರೆದು ಆಳ ಬರೆಯದ ಚೀಟಿಯಿಂದ ಮುಂದೆ ಅದೇ ಜಾಗದಲ್ಲಿ ಅಗೆಯುವವನಿಗೆ ಕಾಸಿನ ಉಪಯೋಗವಿಲ್ಲ.

ಹಂತ 5: ಚೈನೇಜ್ 24, ಗೋಡೆ

ಯಂತ್ರ 30 ಸೆಂ.ಮೀ. ಇಳಿದಿತ್ತು. ಆಪರೇಟರ್, "ಸಾರ್, ಬರೀ ಮಣ್ಣೇ ಐತೆ, ಇನ್ನೊಂದ್ ಎಳೆ ಎಳೀಲಾ?" ಎಂದು ಕೇಳಿದ. ತಳ ಕೆರೆಯುತ್ತಿದ್ದ ಹೆಣ್ಣಾಳು ಕರಣೆ ಎತ್ತಿ ತೋರಿಸಿದರು: "ತಡಿಯಪ್ಪಾ, ಇಲ್ಲಿ ಕರಣೆ ಇಳೀತಾ ಇಲ್ಲ, ಜಾರ್ತೈತೆ." ಮಣ್ಣಿನ ಗೋಡೆ ಗುರುತಿಸುವ ಮೊದಲ ಸೂಚನೆ ಇದೇ. ಬಣ್ಣಕ್ಕಿಂತ ಮೊದಲು ಕೈಗೆ ತಿಳಿಯುತ್ತದೆ. ತುಳಿದು ಕಟ್ಟಿದ ಮಣ್ಣು ಬಿಗಿ. ಕರಣೆ ಮೇಲೆಯೇ ಜಾರುತ್ತದೆ. ಪಕ್ಕದ ಭರ್ತಿಯಲ್ಲಿ ಬೆರಳುದ್ದ ಇಳಿಯುತ್ತದೆ.

ಯಂತ್ರ ನಿಲ್ಲಿಸಿ 1 × 2 ಮೀ. ಜಾಗವನ್ನು ಕೈಯಲ್ಲಿ ಬಿಡಿಸಲಾಯಿತು. ಗೋಡೆಯ ಅಂಚು ಕಣ್ಣಿಗೆ ತರುವುದಕ್ಕೆ ಮಾಡಿದ ಪ್ರಯತ್ನಗಳಲ್ಲಿ ಒಣ ಬ್ರಷ್ ಕೆಲಸಕ್ಕೆ ಬರಲಿಲ್ಲ. ಕೆಂಪು ಧೂಳು ಎಲ್ಲದರ ಮೇಲೂ ಒಂದೇ ಸಮ ಮೆತ್ತಿಕೊಂಡಿತು. ಚೊಂಬಿನಲ್ಲಿ ನೀರು ಚಿಮುಕಿಸಿದರೆ ಮಣ್ಣು ಹರಿದು ಗೆರೆಯೇ ಅಳಿಸಿತು. ಕೊನೆಗೆ ಗೆದ್ದದ್ದು ಹೊಲಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್, ಹೊಸದು (ಹಳೆಯದರಲ್ಲಿ ಔಷಧಿ ಉಳಿದಿರುತ್ತದೆ). ನಳಿಕೆಯನ್ನು ಮಂಜಿನ ಹಾಗೆ ತಿರುಗಿಸಿ, 50 ಸೆಂ.ಮೀ. ದೂರದಿಂದ ಎರಡು ಸಲ ಬೀಸಿ, ಇಪ್ಪತ್ತು ನಿಮಿಷ ನೆರಳಲ್ಲಿ ಬಿಡಬೇಕು. ಸಡಿಲ ಭರ್ತಿ ಬೇಗ ಒಣಗಿ ಬಿಳಿಚಿಕೊಳ್ಳುತ್ತದೆ, ಗೋಡೆ ಕಪ್ಪಾಗಿಯೇ ಉಳಿಯುತ್ತದೆ. ಆ ಐದು ಹತ್ತು ನಿಮಿಷದಲ್ಲಿ ಮೊಳೆ ಚುಚ್ಚಿ ದಾರ ಕಟ್ಟಿ ಫೋಟೊ ತೆಗೆದುಬಿಡಬೇಕು. ಪೂರ್ತಿ ಒಣಗಿದರೆ ಮತ್ತೆ ಮೊದಲಿಂದ.

ಕಂಡದ್ದು: ಗೋಡೆ ದಪ್ಪ 75 ಸೆಂ.ಮೀ. (ಚೈನೇಜ್ 24.30ರಿಂದ 25.05). ಮಣ್ಣಲ್ಲಿ ಹುಲ್ಲು ಹೊಟ್ಟು ಕಲಸಿದ್ದಕ್ಕೆ ಸೂಜಿಯಷ್ಟು ತೂತುಗಳು, ಹುಲ್ಲು ಮಾತ್ರ ಕೊಳೆತು ಹೋಗಿದೆ. ಎರಡು ವರಸೆಗಳ (ಒಂದರ ಮೇಲೊಂದು ಕಟ್ಟಿದ ಮಣ್ಣಿನ ಸಾಲು) ನಡುವಿನ ಅಡ್ಡಗೆರೆ. ಪೂರ್ವದ ಮುಖಕ್ಕೆ ಗಾರೆ: ಒಳಗೆ ನುಣ್ಣನೆ ಮಣ್ಣಿನ ಮೆತ್ತು, ಹೊರಗೆ ಸುಣ್ಣದ ಪೊರೆ, ಎರಡೂ ಸೇರಿ 8 ಮಿ.ಮೀ. ಅಡ್ಡಸೀಳಿನಲ್ಲಿ ಇದು ಪೆನ್ಸಿಲ್ ಗೆರೆಯಷ್ಟು ಬಿಳಿ. ಬಕೆಟ್ಟಿನ ಮಣ್ಣಿನಲ್ಲಿ ಉಗುರಿನಷ್ಟು ಬಿಳಿ ಸಿಪ್ಪೆ ಕಂಡರೂ ಯಂತ್ರ ನಿಲ್ಲಿಸಬೇಕು. ಗೋಡೆ ಬುಡದಲ್ಲಿ ಅಂಗೈ ಅಗಲ ಕೆಮ್ಮಣ್ಣಿನ ಪಟ್ಟೆ ಇನ್ನೂ ಅಂಟಿಕೊಂಡಿತ್ತು. ಅದಕ್ಕೆ ನೀರು ತಾಗಿಸಲಿಲ್ಲ.

ಗೋಡೆಯಾಚೆ ಮೇಲಿನಿಂದ ಕೆಳಕ್ಕೆ: ಕರಗಿದ ಗೋಡೆಮಣ್ಣು 28 ಸೆಂ.ಮೀ.; ಅದರಡಿ ಬೂದುಬಿಳಿ ಚೌಳು ಮಣ್ಣು 14 ಸೆಂ.ಮೀ., ತಳದಲ್ಲಿ ಸೊಪ್ಪಿನ ಅಚ್ಚು. ಅದು ಬಿದ್ದ ಮಾಳಿಗೆ. ಅದರಡಿ ತೆಳ್ಳನೆ ಇದ್ದಿಲ ಪದರ, ನಂತರ ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿದ ಗಾರೆ ನೆಲ. ಲೆವೆಲ್: ಬ್ಯಾಕ್‌ಸೈಟ್ (ಟಿಬಿಎಂ ಮೇಲಿನ ಓದು) 1.420, ಲೆವೆಲ್ ಉಪಕರಣದ ಎತ್ತರ 101.420, ನೆಲದ ಮೇಲೆ ಓದು 2.740, ಅಂದರೆ ನೆಲದ ಮಟ್ಟ 98.680. ಅಲ್ಲಿ ಚರಂಡಿ ತಳ ಬರಬೇಕಾದ್ದು 98.54. ಅಂದರೆ 14 ಸೆಂ.ಮೀ. ಕೆಳಗೆ, ಗಾರೆ ನೆಲವನ್ನು ಸೀಳಿಕೊಂಡೇ ಹೋಗಬೇಕು.

ಮಾಳಿಗೆ ಪದರದ ಕೆಳಗೆ, ನೆಲಕ್ಕೆ ಅಂಟಿಕೊಂಡು ಒಂದು ತಾಮ್ರದ ಕಾಸು. ಒಂದು ಮುಖದಲ್ಲಿ ಆನೆ, ಹಿಂದೆ ಸವೆದ "ಮಯಿಲಿ ಕಾಸು". ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1799ರಿಂದ ಈಚೆಗಿನದು. ಬರೀ ಆನೆ ನೋಡಿ ಟಿಪ್ಪುವಿನದೆಂದು ಬರೆದುಬಿಡುವುದು ಸುಲಭ. ಹಿಂದಿನ ಮುಖದಲ್ಲಿ ಕನ್ನಡವಿದೆಯೋ ಪಾರಸಿಯಿದೆಯೋ ನೋಡಬೇಕು. ಇಷ್ಟರಿಂದ ಹೇಳಬಹುದಾದದ್ದು: ಆ ಕೋಣೆಯ ಮಾಳಿಗೆ ಕುಸಿದದ್ದು 1799ರ ಮೇಲೆ. ಅರಮನೆ ಕಟ್ಟಿದ್ದು ಯಾವಾಗ ಎಂಬುದಕ್ಕೆ ಈ ಕಾಸು ಸಾಕ್ಷಿಯಲ್ಲ.

ಕಾಸನ್ನು ಉಜ್ಜಲಿಲ್ಲ, ಹುಣಿಸೆಹಣ್ಣು ಹಾಕಲಿಲ್ಲ. ಸುತ್ತಲ ಮಣ್ಣಿನ ಸಮೇತ ಎತ್ತಿ, ಗಾಳಿಯಾಡುವ ಡಬ್ಬಿ, ಪಕ್ಕದಲ್ಲಿ ಸಿಲಿಕಾ ಜೆಲ್. ಕಬ್ಬಿಣದ ಮೊಳೆಗಳಿಗೂ ಹಾಗೆಯೇ. ಮಡಕೆ ಚೂರನ್ನು ಮಾತ್ರ ತೊಳೆದು ನೆರಳಲ್ಲಿ ಒಣಗಿಸಬಹುದು.

ಹಂತ 6: ಚೈನೇಜ್ 33, ಕೊಳವೆ, ನಿಧಿಗಳ್ಳರ ಗುಂಡಿ

ಗೆರೆಗೆ ಅಡ್ಡಲಾಗಿ ಸುಟ್ಟಮಣ್ಣಿನ ಕೊಳವೆ ಸಾಲು, ಹೊರ ಅಳತೆ 12 ಸೆಂ.ಮೀ., ಒಂದರ ಬಾಯಿಗೆ ಇನ್ನೊಂದರ ಕುತ್ತಿಗೆ ಸಿಕ್ಕಿಸಿ ಗಾರೆ ಮೆತ್ತಿದ ಕೀಲು. ಮೇಲ್ಮೈ 98.62; ಚರಂಡಿ ತಳ 98.48. ಕೊಳವೆ ಪೂರ್ತಿ ಹೋಗುತ್ತದೆ.

ಗುತ್ತಿಗೆದಾರರ ಕಡೆಯವರ ಸಲಹೆ, ಕೊಳವೆ ತೆಗೆದು ಮ್ಯೂಸಿಯಂಗೆ ಕೊಡೋಣ ಎಂದು. ಕೊಳವೆಯ ಬೆಲೆ ಇರುವುದು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕಡೆ ಇಳಿಯುತ್ತದೆ ಎಂಬುದರಲ್ಲಿ. ಕಿತ್ತರೆ ಅದು ಬರೀ ಮಣ್ಣಿನ ಕೊಳವೆ. ಇಳಿಜಾರು ಕಡಿಮೆ ಮಾಡುವ ಲೆಕ್ಕವೂ ಕೂಡಲಿಲ್ಲ. ಕೊಳವೆ ಮೇಲೆ ಹಾಯಬೇಕಾದರೆ ಚರಂಡಿ ತಳ ಶುರುವಿನಲ್ಲೇ ನೆಲಮಟ್ಟಕ್ಕೆ ಹತ್ತಿರ ಬರುತ್ತದೆ, ಅಂಗಳದ ನೀರು ಇಳಿಯುವುದಿಲ್ಲ.

ಉಪಾಯ ಸಿಕ್ಕಿದ್ದು ಉತ್ತರಕ್ಕೆ 2.6 ಮೀ. ದೂರದಲ್ಲಿ. ಅಲ್ಲಿ ನಿಧಿ ಅಗೆದವರ ಗುಂಡಿ, ಉದ್ದ 12 ಮೀ., ಅಗಲ 2.5, ಆಳ 1.8, ಅವರೂ ಜೆಸಿಬಿಯನ್ನೇ ತಂದಿದ್ದರು. ತಳದಲ್ಲಿ ಕುಂಕುಮದ ಪೊಟ್ಟಣ, ತೆಂಗಿನಚಿಪ್ಪು, ಜೊತೆಗೆ 2019ರ ತಯಾರಿಕೆ ದಿನಾಂಕವಿದ್ದ ಬಿಸ್ಕತ್ತಿನ ಕಾಗದ. ಕಾಸಿಗಿಂತ ಚೆನ್ನಾಗಿ ಕಾಲ ಹೇಳುವ ಸಾಕ್ಷಿ. ಗೋಡೆ, ಗಾರೆ ನೆಲ, ಕೊಳವೆ ಮೂರನ್ನೂ ಆ ಗುಂಡಿ ಆಗಲೇ ಕಡಿದಿತ್ತು. ಹಾಳಾಗಿರುವ ಜಾಗದಲ್ಲೇ ಚರಂಡಿ ಹಾಯಿಸಿದರೆ ಹೊಸದಾಗಿ ಕಡಿಯಬೇಕಾದ್ದು ಏನೂ ಇಲ್ಲ. ಚೈನೇಜ್ 21ರಲ್ಲಿ ಉತ್ತರಕ್ಕೆ ತಿರುಗಿ 23ರಲ್ಲಿ ನೇರವಾಗಿ, 35ರಲ್ಲಿ ಮತ್ತೆ ದಕ್ಷಿಣಕ್ಕೆ, 37ರಲ್ಲಿ ಹಳೆಯ ಗೆರೆಗೆ. ನಾಲ್ಕು ತಿರುವಿಗೆ ನಾಲ್ಕು ಚೇಂಬರ್, ಉದ್ದ 2.6 ಮೀ. ಹೆಚ್ಚಾಯಿತು, ಇಳಿತದಲ್ಲಿ ವ್ಯತ್ಯಾಸ ಎರಡು ಸೆಂ.ಮೀ. ಕೂಡ ಇಲ್ಲ.

ಆದರೆ ಸಡಿಲ ಗುಂಡಿಯ ಮೇಲೆ ಚರಂಡಿ ಕೂರಿಸಿದರೆ ಒಂದೇ ಮಳೆಗೆ ನಡು ಬಾಗುತ್ತದೆ. ಒಳಗಿನ ಮಣ್ಣೆಲ್ಲ ಕೈಯಲ್ಲಿ ತೆಗೆದು 5 ಮಿ.ಮೀ. ಜರಡಿ ಹಿಡಿಯಲಾಯಿತು. ಬಳೆ ಚೂರು, ನೀಲಿ-ಬಿಳಿ ಪಿಂಗಾಣಿ, ಚಿಲುಮೆ ತುಂಡು ಸಿಕ್ಕಿದ್ದು ಹೆಚ್ಚಾಗಿ ಇಲ್ಲೇ. ಎಲ್ಲಕ್ಕೂ "ಪದರವಿಲ್ಲ" ಎಂಬ ಚೀಟಿ. ಗುಂಡಿಯ ಗೋಡೆಗಳನ್ನು ಮೂರು ಸೆಂ.ಮೀ. ಕೆತ್ತಿ ಅಡ್ಡಸೀಳು ಬರೆದುಕೊಂಡದ್ದರಿಂದ ಮುಟ್ಟದ ಕೋಣೆಯ ವಿವರವೂ ಬಿಟ್ಟಿಯಾಗಿ ಸಿಕ್ಕಿತು. ನಂತರ 15 ಸೆಂ.ಮೀ. ಪದರಗಳಲ್ಲಿ ಮಣ್ಣು ತುಂಬಿ, ನೀರು ಹಾಕಿ, ಕೈ ದಿಮ್ಮಿಸಿನಲ್ಲಿ ಬಡಿದು, ಮೇಲೆ ಚರಂಡಿ ಕೂರಲು 10 ಸೆಂ.ಮೀ. ಬೆಡ್ (ಹಾಸು).

ಹಂತ 7: ಕಂಬದ ಗುಂಡಿ, ಸೆಪ್ಟಿಕ್ ಗುಂಡಿ, ಮಳೆ

ಕಂಬದ ಗುಂಡಿಗಳಲ್ಲಿ ಎರಡನ್ನು ಗುತ್ತಿಗೆದಾರರ ಆಳುಗಳು ನಿಗಾದವರು ಬರುವ ಮೊದಲೇ ಹಾರೆ ಹಾಕಿ ಮುಗಿಸಿದ್ದರು. ಇಂಥಲ್ಲಿ ಜಗಳ ಆಮೇಲೆ. ಮೊದಲು ರಾಶಿ ಮಣ್ಣು ಟ್ರ್ಯಾಕ್ಟರ್ ಏರದಂತೆ ತಡೆಯಬೇಕು. ಮಣ್ಣು ಜರಡಿಯಾಯಿತು, ಗುಂಡಿಯ ನಾಲ್ಕೂ ಮುಖ ಕೆರೆದು ಬರೆಯಲಾಯಿತು. ಒಂದರಲ್ಲಿ ಕಂಬದ ಪೀಠದ ಕಲ್ಲಿನ ಮೂಲೆ ಹೊಸದಾಗಿ ಒಡೆದಿತ್ತು. ಆ ಗುಂಡಿ ಮುಚ್ಚಿ, ದೀಪದ ಕಂಬ 1.2 ಮೀ. ಪಕ್ಕಕ್ಕೆ. ಮಾರನೆಯ ದಿನದಿಂದ ಹಾರೆ, ಪಿಕಾಸಿ ಸಂಜೆ ಶೆಡ್ಡಿನಲ್ಲಿ ಬೀಗದೊಳಗೆ.

ಕೇಬಲ್ ಅಡಿಪಾಯದ ಪಕ್ಕ ಬರುವ 34 ಮೀ. ಉದ್ದಕ್ಕೆ ಅಗೆಯಲೇ ಇಲ್ಲ. ಈಚಿನ ಕಾಂಪೌಂಡ್ ಗೋಡೆಯ ಬುಡದಲ್ಲಿ ಜಿಐ ಪೈಪಿನೊಳಗೆ ಹೋಯಿತು.

ಸೆಪ್ಟಿಕ್ ಗುಂಡಿ ಕೋಟೆಬಾಗಿಲ ಹೊರಗೆ. 90 ಸೆಂ.ಮೀ.ಗೆ ಗೊರಚು ಬಂತು, ಪುರಾತತ್ವದ ದೃಷ್ಟಿಯಿಂದ ಅಲ್ಲಿಗೆ ಮುಗಿಯಿತು. ಆದರೂ 1.2 ಮೀ. ದಾಟಿದ ಗುಂಡಿಗೆ ಮೆಟ್ಟಿಲು ಬಿಡದೆ ಯಾರನ್ನೂ ಇಳಿಸಬಾರದು. ರಾತ್ರಿ ಮಳೆಗೆ ಒಂದು ಪಕ್ಕ ಸೀಳಿ ಬಿತ್ತು, ಒಳಗೆ ಆಳಿರಲಿಲ್ಲ. ಅದೇ ಮಳೆಗೆ ಚೈನೇಜ್ 24ರ ಗೋಡೆ ಉಳಿದದ್ದು ಟಾರ್ಪಾಲಿನಿಂದಲ್ಲ, ಟಾರ್ಪಾಲಿನ ಸುತ್ತ ಕಟ್ಟಿದ ಒಂದು ಗೇಣಿನ ಮಣ್ಣಿನ ಬದುವಿನಿಂದ. ಬರೀ ಟಾರ್ಪಾಲು ಹೊದಿಸಿದರೆ ಮೇಲಿನ ನೀರು ನಿಲ್ಲುತ್ತದೆ, ಪಕ್ಕದಿಂದ ಹರಿದು ಬರುವುದು ನಿಲ್ಲುವುದಿಲ್ಲ.

"ನಿಧಿ ಸಿಕ್ತಂತೆ" ಎಂಬ ಸುದ್ದಿ ಕಾಸು ಸಿಕ್ಕ ಸಂಜೆಗೇ ಊರು ಸುತ್ತಿತು. ಕಾಸನ್ನು ಊರ ಹಿರಿಯರಿಗೆ ಅಲ್ಲೇ ತೋರಿಸಿ, ಪಂಚನಾಮೆ ಬರೆಸಿ, ಇಲಾಖೆಗೆ ಒಪ್ಪಿಸಿ ರಸೀದಿ ಪಡೆದ ಮೇಲೆ ತಣ್ಣಗಾಯಿತು. ಮುಚ್ಚಿಟ್ಟಷ್ಟೂ ಕಾಸು ಕೊಪ್ಪರಿಗೆಯಾಗುತ್ತದೆ. ಚಿನ್ನ ಬೆಳ್ಳಿ ಸಿಕ್ಕರೆ ದಾರಿ ಬೇರೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ತುಕ್ಕು ಹಿಡಿದ ಮುಚ್ಚಿದ ಕಬ್ಬಿಣದ ಕೊಳವೆ ಕಂಡರೆ ಕೈ ಹಾಕದೆ ಪೊಲೀಸರಿಗೆ ಹೇಳಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಿಕ್ಕ ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳಲ್ಲಿ ಮದ್ದಿನ ಪುಡಿ ಇತ್ತು.

ಹಂತ 8: ಮುಚ್ಚುವುದು

ಗೋಡೆ ಮತ್ತು ಗಾರೆ ನೆಲದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, 10 ಸೆಂ.ಮೀ. ಜರಡಿ ಮರಳು, ನಂತರ ತೆಗೆದ ಮಣ್ಣೇ, ತೆಗೆದ ಕ್ರಮಕ್ಕೆ ತಿರುಗುಮುರುಗಾಗಿ. ಪ್ಲಾಸ್ಟಿಕ್ ಹಾಳೆ ಹಾಕಬಾರದು; ಕೆಳಗೆ ತೇವ ಕಟ್ಟಿ ಸುಣ್ಣದ ಪೊರೆ ಏಳುತ್ತದೆ. ಎರಡು ಮೀಟರ್ ಒಳಗೆ ಕಂಪ್ಯಾಕ್ಟರ್ ಯಂತ್ರ ಬೇಡ. ಚರಂಡಿಯ ಸಿಮೆಂಟು ಎಲ್ಲೂ ಹಳೆಯ ಗಾರೆಗೆ ತಾಗಿಲ್ಲ. ಗುಂಡಿಯ ಪಕ್ಕದಲ್ಲಿ ಕನಿಷ್ಠ 40 ಸೆಂ.ಮೀ. ಮಣ್ಣಿನ ಅಂತರ ಬಿಟ್ಟಿದೆ.

ಖರ್ಚು (ಚರಂಡಿ ಕಟ್ಟುವ ಮೂಲ ಖರ್ಚು ಬಿಟ್ಟು):

ಜೆಸಿಬಿ 19 ಗಂಟೆ: ₹22,800 (ಇದರಲ್ಲಿ ನಿಲುಗಡೆ 6.5 ಗಂಟೆ, ₹7,800)
ಬಕೆಟ್ ಪ್ಲೇಟು: ₹1,800
ಆಳು, 55 ಆಳುದಿನ × ₹600: ₹33,000
ಆಟೋ ಲೆವೆಲ್ ಬಾಡಿಗೆ: ₹6,600
ಜಿಯೋಟೆಕ್ಸ್‌ಟೈಲ್ 40 ಚ.ಮೀ.: ₹2,800
ಮರಳು ಒಂದು ಲೋಡು: ₹4,500
ಟಾರ್ಪಾಲು: ₹2,400
ಚೀಲ, ಚೀಟಿ, ಡಬ್ಬಿ, ಸಿಲಿಕಾ ಜೆಲ್: ₹1,650
ಸ್ಪ್ರೇಯರ್: ₹950
ಹೆಚ್ಚುವರಿ ಚೇಂಬರ್ ನಾಲ್ಕು: ₹9,000
ಒಟ್ಟು: ₹85,500

ಚೈನೇಜ್ 37–62ರಲ್ಲಿ ಕಟ್ಟಡದ ಗುರುತು ಸಿಗಲಿಲ್ಲ; 48ರವರೆಗೆ ಗೊರಚು ಮುಟ್ಟಿದೆ, 48–62ರಲ್ಲಿ ಮುಟ್ಟಿಲ್ಲ, ತಳ ಇನ್ನೂ ಬೂದಿ ಬೆರೆತ ಮಣ್ಣಿನಲ್ಲೇ ನಿಂತಿದೆ. ಅಲ್ಲಿ ಮುಂದೆ 98.30ಕ್ಕಿಂತ ಕೆಳಗೆ ಅಗೆಯುವವರು ಮತ್ತೆ ನಿಗಾ ಇಟ್ಟೇ ಅಗೆಯಬೇಕೆಂದು ನಕ್ಷೆಯ ಮೇಲೆ ಕೆಂಪು ಗೆರೆ ಹಾಕಿ ಇಲಾಖೆಗೂ ಪಂಚಾಯಿತಿಗೂ ಒಂದೊಂದು ಪ್ರತಿ ಕೊಟ್ಟಿದೆ.